ಉರ್ದು ಸಾಹಿತ್ಯದಲ್ಲಿ ಕೃತಿಚೌರ್ಯ: ತಡೆಯುವ ಹೊಣೆ ಯಾರದು?

(ದೇವಬಾಗದ ಸಾಹಿತ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮನೆಯಿಂದ ಒಂದು ಚೊಂಬು ಕಳುವಾದರೂ ನಾವು ಠಾಣೆಯ ಮೆಟ್ಟಿಲೇರುತ್ತೇವೆ. ಆದರೆ ಒಬ್ಬನ ಗಝಲನ್ನು ಮತ್ತೊಬ್ಬ ತನ್ನದೆಂದು ಮುಶಾಯಿರಾದಲ್ಲಿ ಓದಿದರೆ ‘ವಾಹ್ ವಾಹ್’ ಎನ್ನುತ್ತೇವೆ. ಉರ್ದುವಿನಲ್ಲಿ ಇದಕ್ಕೆ ‘ಸರ್ಕಾ’ ಎಂದು ಹೆಸರು. ಆ ಅರಬೀ ಪದದ ಅರ್ಥ ಕಳವು ಎಂದೇ.

ಹೋಲಿಕೆಯೆಲ್ಲವೂ ಕಳವಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಇಬ್ಬರು ಕವಿಗಳಿಗೆ ಒಂದೇ ಭಾವ ತಾನಾಗಿ ಹೊಳೆದರೆ ಅದು ‘ತವಾರುದ್’. ಹಿರಿಯ ಕವಿಯ ಸಾಲನ್ನು ಬಹಿರಂಗವಾಗಿ ತನ್ನ ಪದ್ಯದಲ್ಲಿ ಸೇರಿಸಿಕೊಂಡರೆ ಅದು ‘ತಝ್ಮೀನ್’. ತರಹೀ ಮುಶಾಯಿರಾದಲ್ಲಂತೂ ಕೊಟ್ಟ ಒಂದೇ ಸಾಲಿನ ಛಂದಸ್ಸು, ಪ್ರಾಸಗಳಲ್ಲಿ ಎಲ್ಲರೂ ಬರೆಯುತ್ತಾರೆ. ಇವೆಲ್ಲ ನಮ್ಮ ಪರಂಪರೆಯ ಸೊಬಗು. ಮೂಲವನ್ನು ಮರೆಮಾಚಿದಾಗ ಮಾತ್ರ ಅದು ಕಳವಾಗುತ್ತದೆ.

ಬಿಜಾಪುರದ ನುಸ್ರತಿ 1657ರಲ್ಲಿ ಬರೆದ ‘ಗುಲ್ಶನ್-ಎ-ಇಶ್ಕ್’ ಮಧುಮಾಲತಿಯ ಕಥೆಯನ್ನು ದಖನಿಯಲ್ಲಿ ಹೊಸದಾಗಿ ಹೇಳಿತು. ಅದನ್ನು ಕಳವೆಂದು ಯಾರೂ ಹೇಳಲಾರರು. ಆದರೆ ಗೋಲ್ಕೊಂಡದ ಮುಲ್ಲಾ ವಜ್ಹಿಯ ‘ಸಬ್ ರಸ್’ (1635) ಪರ್ಷಿಯನ್ ಕವಿ ಫತ್ತಾಹಿಯ ಕಥೆಯನ್ನು ಆಧರಿಸಿದ್ದರೂ ಅವನ ಹೆಸರೆತ್ತಲಿಲ್ಲ. ಅದನ್ನು ಎತ್ತಿ ತೋರಿಸಲು ಇಪ್ಪತ್ತನೆಯ ಶತಮಾನದಲ್ಲಿ ಮೌಲವಿ ಅಬ್ದುಲ್ ಹಕ್ ಬರಬೇಕಾಯಿತು. ನಮ್ಮ ಪಂಪನಾದರೋ ವ್ಯಾಸರ ಋಣವನ್ನು ಕಾವ್ಯದ ಆರಂಭದಲ್ಲೇ ಒಪ್ಪಿಕೊಂಡ. ಅದರಿಂದ ಅವನ ಹಿರಿಮೆ ಕುಗ್ಗಲಿಲ್ಲ.

ಜನಪ್ರಿಯ ಸಾಹಿತ್ಯದ ಕಥೆ ಇನ್ನೂ ನೋವಿನದು. ಪತ್ತೇದಾರಿ ಕಾದಂಬರಿಕಾರ ಇಬ್ನೆ ಸಫಿ 1960ರಿಂದ 1963ರವರೆಗೆ ಕಾಯಿಲೆ ಬಿದ್ದಿದ್ದಾಗ, ಅವರ ಹೆಸರನ್ನೇ ಹೋಲುವ ಹೆಸರುಗಳಲ್ಲಿ, ಅವರ ಪಾತ್ರಗಳನ್ನೇ ಇಟ್ಟುಕೊಂಡು ನಕಲಿ ಕಾದಂಬರಿಗಳು ಮಾರುಕಟ್ಟೆಗೆ ಬಂದವು. ಲೇಖಕ ಹಾಸಿಗೆ ಹಿಡಿದಿದ್ದ, ಅವನ ಬೆವರಿನ ಫಲವನ್ನು ಇತರರು ಉಂಡರು.

ವಿದ್ವತ್ ವಲಯವೂ ಇದರಿಂದ ಹೊರತಲ್ಲ. ಗೋಪಿಚಂದ್ ನಾರಂಗ್ ಅವರ ವಿಮರ್ಶಾ ಗ್ರಂಥಕ್ಕೆ 1995ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಂಗ್ಲಿಷ್ ಗ್ರಂಥಗಳ ಭಾಗಗಳು ಮೂಲ ಹೇಳದೆ ಅನುವಾದಗೊಂಡು ಅದರಲ್ಲಿ ಸೇರಿವೆ ಎಂದು ಇಮ್ರಾನ್ ಶಾಹಿದ್ ಭಿಂಡರ್ ಆರೋಪಿಸಿದರು. 2009ರಲ್ಲಿ ಸಿ.ಎಂ. ನಯೀಮ್ ಆ ಚರ್ಚೆಯನ್ನು ಇಂಗ್ಲಿಷ್ ಓದುಗರ ಮುಂದಿಟ್ಟರು. ಪರ ವಿರೋಧದ ಮಾತುಗಳು ಏನೇ ಇರಲಿ, ಪುಟಕ್ಕೆ ಪುಟವಿಟ್ಟು ಹೋಲಿಸುವ ಕೆಲಸಕ್ಕೆ ಇಷ್ಟು ವರ್ಷ ಏಕೆ ಬೇಕಾಯಿತು ಎಂಬ ಪ್ರಶ್ನೆ ಉಳಿಯುತ್ತದೆ.

ಹಾಗಾದರೆ ಪರಿಹಾರವೇನು? ಕಾನೂನು ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಕೃತಿಯನ್ನು ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಲೇಖಕನಿಗೆ ನೀಡಿದೆ. ಆದರೆ ಬಡ ಶಾಯಿರನೊಬ್ಬ ಒಂದು ಗಝಲಿಗಾಗಿ ನ್ಯಾಯಾಲಯಕ್ಕೆ ಅಲೆಯುವುದು ಸಾಧ್ಯವೇ? ಯುಜಿಸಿಯ 2018ರ ನಿಯಮಾವಳಿಯಂತೆ ಪ್ರಬಂಧದಲ್ಲಿ ಶೇ. 60ಕ್ಕಿಂತ ಹೆಚ್ಚು ಹೋಲಿಕೆ ಕಂಡುಬಂದರೆ ಸಂಶೋಧನಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಆದರೆ ಹಳೆಯ ಉರ್ದು ಗ್ರಂಥಗಳು ಬಹುಮಟ್ಟಿಗೆ ಪುಟಗಳ ಚಿತ್ರಗಳಾಗಿಯಷ್ಟೇ ಕಂಪ್ಯೂಟರಿನಲ್ಲಿವೆ. ಚಿತ್ರದೊಳಗಿನ ಅಕ್ಷರವನ್ನು ಓದಲಾರದ ಯಂತ್ರ ಕಳವನ್ನು ಹಿಡಿಯುವುದಾದರೂ ಹೇಗೆ? ಅನುವಾದಿಸಿ ಕದ್ದದ್ದನ್ನು ಹಿಡಿಯುವುದಂತೂ ಇನ್ನೂ ಕಷ್ಟ.

ಆದುದರಿಂದ ಹೊಣೆ ನಮ್ಮ ಮೇಲೆಯೇ ಇದೆ. ಸಂಪಾದಕರು ಹೊಸಬರ ರಚನೆಯೊಂದಿಗೆ ಅದು ಸ್ವಂತದ್ದೆಂಬ ಲಿಖಿತ ಹೇಳಿಕೆ ಪಡೆಯಲಿ. ಕಳವು ಸಾಬೀತಾದರೆ ಅದು ಪ್ರಕಟವಾದ ಪತ್ರಿಕೆಯಲ್ಲೇ ನಿಜವಾದ ಕವಿಯ ಹೆಸರನ್ನು ಅಚ್ಚು ಹಾಕಲಿ. ಮುಶಾಯಿರಾದ ಸಂಘಟಕರು ಓದಿದ ರಚನೆಗಳ ಪ್ರತಿಯನ್ನು ಕಾದಿಡಲಿ. ಮಾರ್ಗದರ್ಶಕರು ಪ್ರಬಂಧವನ್ನು ಯಂತ್ರಕ್ಕೆ ಒಪ್ಪಿಸುವ ಮೊದಲು ತಾವೇ ಓದಲಿ.

ಕನ್ನಡ, ಕೊಂಕಣಿ, ಉರ್ದು ಮಾತುಗಳು ಬೆರೆಯುವ ಈ ಕರಾವಳಿಯಲ್ಲಿ ಅನುವಾದ ನಮಗೆ ಹೊಸದಲ್ಲ. ಅನುವಾದಿಸಿದಾಗ ಮೂಲ ಲೇಖಕನ ಹೆಸರನ್ನು ಶೀರ್ಷಿಕೆಯ ಕೆಳಗೇ ಬರೆಯೋಣ. ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮೊದಲು ಅದು ಯಾರಿಂದ ಯಾರಿಗೆ ಬಂತೆಂಬ ‘ಇಸ್ನಾದ್’ ಕೇಳುತ್ತಿದ್ದರು. ಅಂಥ ಶಿಸ್ತನ್ನು ಕಂಡ ಸಮುದಾಯಕ್ಕೆ ಒಂದು ಶೇರ್ ಯಾರದೆಂದು ಕೇಳುವುದು ಕಷ್ಟವಾಗಬಾರದು. ಮುಂದಿನ ಮುಶಾಯಿರಾದಿಂದಲೇ ಆ ಪ್ರಶ್ನೆಯನ್ನು ಕೇಳಲು ಆರಂಭಿಸೋಣ.