ರಸ್ತೆಯ ಕರಾರು ಊರಿಗೆ ಗೊತ್ತಿರಲಿ



ರಸ್ತೆ ಮತ್ತು ಗ್ರಾಮೀಣ ಸಾರಿಗೆ ಕುರಿತು ಸಂಶಿಯಲ್ಲಿ ನಡೆಯುತ್ತಿರುವ ಈ ಸಮಾವೇಶದ ಅಧ್ಯಕ್ಷತೆಯನ್ನು ಪ್ರೀತಿಯಿಂದ ನನಗೆ ವಹಿಸಿದ್ದೀರಿ. ಬೆಳಗಿನಿಂದ ನಡೆದ ಗೋಷ್ಠಿಗಳಲ್ಲಿ ಟೋಲ್ ದರ, ಭೂಸ್ವಾಧೀನ, ಹೆದ್ದಾರಿ ಅಪಘಾತಗಳ ಬಗ್ಗೆ ಬಿಸಿಬಿಸಿ ಚರ್ಚೆಯಾಗಿದೆ. ಈ ಮೂರರ ಜೊತೆಗೂ ತಳಕು ಹಾಕಿಕೊಂಡಿರುವುದು ಸರ್ಕಾರ ಮತ್ತು ಖಾಸಗಿ ಕಂಪನಿ ರಸ್ತೆಗಾಗಿ ಮಾಡಿಕೊಳ್ಳುವ ಕರಾರು. ಆದ್ದರಿಂದ ಇಂದು ಆ ಕರಾರಿನ ಬಗ್ಗೆಯೇ ಮಾತನಾಡುತ್ತೇನೆ.

ಖಾಸಗಿ ಬಂಡವಾಳದಿಂದ ಸಾರ್ವಜನಿಕ ದಾರಿ ಕಟ್ಟುವುದು ಈ ನೆಲಕ್ಕೆ ಹೊಸದಲ್ಲ. ಸಂಶಿ ನಿಲ್ದಾಣದ ಮೇಲೆ ಹಾದುಹೋಗುವ ಹುಬ್ಬಳ್ಳಿ–ಹರಿಹರ ರೈಲುಮಾರ್ಗವನ್ನು 1880ರ ದಶಕದಲ್ಲಿ ಹಾಕಿದ್ದು ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ. 1876–78ರ ಭೀಕರ ಬರದಲ್ಲಿ ಧಾನ್ಯ ತಲುಪದೆ ಜನ ಸತ್ತಿದ್ದರು, ಹಳಿ ತುರ್ತಾಗಿ ಬೇಕಿತ್ತು. 1882ರಲ್ಲಿ ಹುಟ್ಟಿದ ಆ ಕಂಪನಿಯ ಬಂಡವಾಳಕ್ಕೆ ಸರ್ಕಾರ ಬಡ್ಡಿಯ ಖಾತ್ರಿ ಕೊಟ್ಟಿತು. ರೈಲಿನ ಗಳಿಕೆ ಸಾಲದಿದ್ದರೆ ಕೊರತೆಯನ್ನು ಬೊಕ್ಕಸ ತುಂಬಬೇಕು, ಬೊಕ್ಕಸವನ್ನು ತುಂಬುತ್ತಿದ್ದವನು ಕಂದಾಯ ಕಟ್ಟುವ ರೈತ. ಹಳಿಯಿಂದ ಈ ಸೀಮೆಯ ಹತ್ತಿಗೆ ಬಂದರಿನ ದಾರಿ ತೆರೆಯಿತು, ಅದು ದೊಡ್ಡ ಲಾಭ. ಆದರೆ ನಷ್ಟದ ಭಾರ ಯಾರ ಹೆಗಲಿಗೆ ಎಂದು ಅಂದು ಯಾರೂ ರೈತನನ್ನು ಕೇಳಿರಲಿಲ್ಲ.

ಹೆದ್ದಾರಿಗಳ ವಿಷಯದಲ್ಲಿ ಖಾಸಗಿ ಬಂಡವಾಳದ ಈ ಪದ್ಧತಿಗೆ ಬಾಗಿಲು ತೆರೆದದ್ದು 1995ರಲ್ಲಿ, 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಗೆ ತಿದ್ದುಪಡಿ ತಂದಾಗ. ಕಂಪನಿ ತನ್ನ ಹಣದಿಂದ ಮತ್ತು ಬ್ಯಾಂಕ್ ಸಾಲದಿಂದ ರಸ್ತೆ ಕಟ್ಟಿ, ಗೊತ್ತುಪಡಿಸಿದ ಅವಧಿಯವರೆಗೆ ಟೋಲ್ ವಸೂಲು ಮಾಡಿ, ಕೊನೆಗೆ ಸರ್ಕಾರಕ್ಕೆ ಒಪ್ಪಿಸುವ ಮಾದರಿಯೇ ಬಿ.ಒ.ಟಿ. ವಾಹನ ಕಡಿಮೆಯಾದರೆ ಕಂಪನಿಗೆ ನಷ್ಟ. 2010ರ ನಂತರ ಹೀಗೆ ಎಷ್ಟೋ ಕಂಪನಿಗಳು ಸಾಲದಲ್ಲಿ ಮುಳುಗಿದವು, ಬ್ಯಾಂಕುಗಳೂ ಕೈಸುಟ್ಟುಕೊಂಡವು. ಅದಕ್ಕಾಗಿ 2016ರಲ್ಲಿ ಕೇಂದ್ರ ಸರ್ಕಾರ ಹ್ಯಾಮ್ (ಹೈಬ್ರಿಡ್ ಆನ್ಯುಯಿಟಿ) ಎಂಬ ಮಾದರಿ ತಂದಿತು. ಇದರಲ್ಲಿ ವೆಚ್ಚದ ಶೇ 40ನ್ನು ಕಾಮಗಾರಿ ನಡೆಯುವಾಗಲೇ ಸರ್ಕಾರ ಕೊಡುತ್ತದೆ. ಉಳಿದ ಶೇ 60ನ್ನು ಕಂಪನಿ ಹೊಂದಿಸುತ್ತದೆ, ಅದನ್ನು ಸರ್ಕಾರ 15 ವರ್ಷಗಳಲ್ಲಿ ಆರು ತಿಂಗಳಿಗೊಂದು ಕಂತಿನಂತೆ ಬಡ್ಡಿಸಹಿತ ತೀರಿಸುತ್ತದೆ. ಟೋಲ್ ಸರ್ಕಾರದ್ದು, ವಾಹನ ಬಾರದ ನಷ್ಟವೂ ಸರ್ಕಾರದ್ದೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಇದೇ ಮಾದರಿಯದು.

ಮಾದರಿ ಯಾವುದಾದರೂ ಇರಲಿ, ಕೊನೆಗೆ ಹಣ ಬರುವುದು ಎರಡೇ ಮೂಲದಿಂದ: ರಸ್ತೆ ಬಳಸುವವರ ಟೋಲ್, ಇಲ್ಲವೇ ಎಲ್ಲರ ತೆರಿಗೆ. ಖಾಸಗಿ ಹಣ ಎಂದರೆ ಪುಕ್ಕಟೆ ಹಣವಲ್ಲ. ಇಂದು ರಸ್ತೆ ಸಿಗುತ್ತದೆ, ಬೆಲೆಯನ್ನು ಮುಂದಿನ ಹದಿನೈದು–ಇಪ್ಪತ್ತೈದು ವರ್ಷ ಬಡ್ಡಿ ಸೇರಿಸಿ ಕೊಡುತ್ತೇವೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ನಮ್ಮ ಟ್ರ್ಯಾಕ್ಟರಿಗೆ ಟೋಲ್ ಇಲ್ಲ, ನಿಜ. ಆದರೆ ಬ್ಯಾಡಗಿ ಮಾರುಕಟ್ಟೆಗೆ ಒಣಮೆಣಸಿನಕಾಯಿ ಒಯ್ಯುವ ಬಾಡಿಗೆ ಗಾಡಿಗೆ ಟೋಲ್ ಇದೆ, ಅದು ಬಾಡಿಗೆಯಲ್ಲಿ ಸೇರಿ ರೈತನ ಪಟ್ಟಿಯಲ್ಲೇ ಕಡಿತವಾಗುತ್ತದೆ.

ಕರಾರು ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ನರೇಂದ್ರದಿಂದ ಗಬ್ಬೂರಿನವರೆಗೆ ಸುಮಾರು 30 ಕಿ.ಮೀ. ಉದ್ದದ ಹುಬ್ಬಳ್ಳಿ–ಧಾರವಾಡ ಬೈಪಾಸ್ ನಮ್ಮ ರಾಜ್ಯದ ಮೊದಮೊದಲ ಬಿ.ಒ.ಟಿ. ರಸ್ತೆಗಳಲ್ಲಿ ಒಂದು. ಕಟ್ಟಿದ ಕಾಲಕ್ಕೆ ಅದು ಒಳ್ಳೆಯ ಕೆಲಸವೇ. ಎರಡು ಊರುಗಳ ನಡುವೆ ನುಗ್ಗುತ್ತಿದ್ದ ಲಾರಿಗಳನ್ನು ಅದು ಹೊರಗೆ ತಿರುಗಿಸಿತು. ಆದರೆ ಅದು ಎರಡೇ ಪಥದ ರಸ್ತೆ. ಸುವರ್ಣ ಚತುಷ್ಪಥ ಯೋಜನೆ ಬಂದು ಆಚೆ ಬೆಳಗಾವಿ ಕಡೆಗೂ ಈಚೆ ಹಾವೇರಿ ಕಡೆಗೂ ಹೆದ್ದಾರಿ ಅಗಲವಾಯಿತು. ಮಧ್ಯದ ಈ ತುಂಡು ಮಾತ್ರ ಇದ್ದ ಹಾಗೆಯೇ ಉಳಿಯಿತು. ಏಕೆಂದರೆ ಅದರ ಗುತ್ತಿಗೆಯ ಅವಧಿ 2024ರವರೆಗೆ ಇತ್ತು. ವೇಗವಾಗಿ ಬಂದ ವಾಹನಗಳು ವಿಭಜಕವೇ ಇಲ್ಲದ ರಸ್ತೆಯಲ್ಲಿ ಮುಖಾಮುಖಿಯಾಗುತ್ತಿದ್ದವು. 2021ರ ಜನವರಿ 15ರ ಬೆಳಗ್ಗೆ ಇಟಿಗಟ್ಟಿ ಬಳಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನಕ್ಕೆ ಟಿಪ್ಪರ್ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಆರು ಪಥದ ವಿಸ್ತರಣೆಗೆ ಅಡಿಗಲ್ಲು ಬಿದ್ದದ್ದು 2022ರ ಫೆಬ್ರವರಿಯಲ್ಲಿ. ವಾಹನಗಳು ಇಷ್ಟು ಹೆಚ್ಚಾದ ದಿನ ರಸ್ತೆ ಅಗಲವಾಗಲೇಬೇಕು, ಹಣ ಇಂಥವರೇ ಹಾಕಬೇಕು ಎಂಬ ಗಟ್ಟಿ ಷರತ್ತು ಮೊದಲ ದಿನದಿಂದಲೇ ಜಾರಿಯಲ್ಲಿದ್ದರೆ ನಾವು ಇಷ್ಟು ಹೆಣ ಎಣಿಸಬೇಕಿರಲಿಲ್ಲ.

ಐದು ವರ್ಷಕ್ಕೆ ಹೊಲ ಲಾವಣಿಗೆ ಕೊಡುವಾಗ ನಾವು ಬದುವು ಒಡೆದರೆ ಯಾರು ಕಟ್ಟಬೇಕು, ಬಾವಿ ಹೂಳು ಯಾರು ತೆಗೆಯಬೇಕು ಎಂದು ನಾಲ್ಕು ಜನರ ಎದುರು ಮಾತಾಡಿಯೇ ಕೊಡುತ್ತೇವೆ. ಇಪ್ಪತ್ತೈದು ವರ್ಷಕ್ಕೆ ಕೊಡುವ ರಸ್ತೆಗೆ ಆ ಎಚ್ಚರ ಬೇಡವೇ?

ಇನ್ನು ನಮ್ಮ ಸೀಮೆಯ ಮಾತು. ಕುಂದಗೋಳ, ಸಂಶಿ, ಗುಡಗೇರಿ, ಲಕ್ಷ್ಮೇಶ್ವರ ದಾರಿಯಂಥ ರಸ್ತೆಗಳಲ್ಲಿ ಟೋಲ್ ಹಾಕಿ ಹಣ ಹುಟ್ಟಿಸುವಷ್ಟು ವಾಹನಗಳಿಲ್ಲ, ಹಾಕುವುದು ನ್ಯಾಯವೂ ಅಲ್ಲ. ಮೇಲಾಗಿ ಇದು ಎರೆಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅಡಿಪಾಯ ಗಟ್ಟಿ ಮಾಡದೆ, ನೀರು ಹರಿದುಹೋಗಲು ದಾರಿ ಬಿಡದೆ ಮೇಲೆ ಡಾಂಬರು ಸುರಿದರೆ ಅದು ಒಂದೆರಡು ಮಳೆಗಾಲ ಕಾಣುವುದಿಲ್ಲ. ಇಲ್ಲಿ ಬೇಕಾದದ್ದು ಕಟ್ಟಿದವನೇ ಹತ್ತು ವರ್ಷ ರಸ್ತೆ ಕಾಪಾಡುವ ಕರಾರು. ರಾಜ್ಯ ಸರ್ಕಾರ ಮುಧೋಳ–ನಿಪ್ಪಾಣಿ, ಮಳವಳ್ಳಿ–ಪಾವಗಡ ರಾಜ್ಯ ಹೆದ್ದಾರಿಗಳಲ್ಲಿ ಕಂತಿನ ಮೂಲಕ ಹಣ ಕೊಡುವ ಮಾದರಿಯನ್ನು ಹಿಂದೆಯೇ ಬಳಸಿದೆ. ಅದರ ತಿರುಳು ಸರಳ: ರಸ್ತೆ ಚೆನ್ನಾಗಿದ್ದರೆ ಪೂರ್ಣ ಕಂತು, ತಗ್ಗು ಬಿದ್ದರೆ ಕಡಿತ. ಗುತ್ತಿಗೆದಾರನ ಲಾಭ ರಸ್ತೆಯ ಬಾಳಿಕೆಗೆ ಕಟ್ಟುಬಿದ್ದಾಗ ಮಾತ್ರ ಎರೆಭೂಮಿಯ ರಸ್ತೆ ಉಳಿಯುತ್ತದೆ.

ಸಭೆಯ ಮುಂದೆ ನಾಲ್ಕು ಒತ್ತಾಯಗಳನ್ನು ಇಡುತ್ತೇನೆ.

ಒಂದು, ಸಹಿ ಬೀಳುವ ಮೊದಲೇ ಕರಾರಿನ ಸಾರಾಂಶ ಕನ್ನಡದಲ್ಲಿ ದಾರಿಯ ಪ್ರತಿ ಗ್ರಾಮ ಪಂಚಾಯಿತಿಗೆ ಬರಬೇಕು, ಗ್ರಾಮಸಭೆಯಲ್ಲಿ ಓದಬೇಕು.

ಎರಡು, ಎಷ್ಟು ವಾಹನ ಸಂಚಾರಕ್ಕೆ ಯಾವ ಅಗಲ, ಯಾರ ವೆಚ್ಚ, ಎಷ್ಟು ತಿಂಗಳೊಳಗೆ ಎಂಬುದು ಕರಾರಿನಲ್ಲೇ ಇರಬೇಕು.

ಮೂರು, ಸರ್ವಿಸ್ ರಸ್ತೆ, ಕೆಳಸೇತುವೆ, ಹೊಲಕ್ಕೆ ಹೋಗುವ ದಾರಿಗಳ ಜಾಗವನ್ನು ಊರವರ ಜೊತೆ ಕೂತು ಗೊತ್ತುಮಾಡಬೇಕು. ಚಕ್ಕಡಿಯೂ ಕಂಟೇನರ್ ಲಾರಿಯೂ ಒಂದೇ ಪಥದಲ್ಲಿ ಓಡಬಾರದು.

ನಾಲ್ಕು, 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಬರಬೇಕಾದ ಪರಿಹಾರ ರೈತನ ಖಾತೆಗೆ ಜಮೆಯಾದ ಮೇಲೆಯೇ ಜೆಸಿಬಿ ಹೊಲಕ್ಕೆ ಇಳಿಯಬೇಕು.

ನಾನು ಖಾಸಗಿ ಸಹಭಾಗಿತ್ವದ ವಿರೋಧಿಯಲ್ಲ. ಬೊಕ್ಕಸ ಒಂದನ್ನೇ ನಂಬಿ ಕೂತರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ರಸ್ತೆ ಮುಗಿಯುವುದಿಲ್ಲ. ಆದರೆ ಸಹಭಾಗಿತ್ವದಲ್ಲಿ ಸರ್ಕಾರ, ಕಂಪನಿ ಇಬ್ಬರಿಗೇ ಕುರ್ಚಿ ಇದ್ದರೆ ಸಾಲದು. ನೆಲ ಕೊಟ್ಟವರು, ಟೋಲ್ ಕೊಡುವವರು, ಆ ರಸ್ತೆಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವವರು ಮೂರನೆಯ ಪಾಲುದಾರರು. ಮುಂದಿನ ಸಲ ನಮ್ಮ ಸೀಮೆಯಲ್ಲಿ ರಸ್ತೆಯ ಸರ್ವೆಗೆ ಅಧಿಕಾರಿಗಳು ಬಂದಾಗ ಟೋಲ್ ಎಷ್ಟು ಎಂದು ಕೇಳುವ ಮೊದಲು ಕರಾರು ಎಲ್ಲಿದೆ ಎಂದು ಕೇಳಿ. ಆ ಪ್ರಶ್ನೆಯನ್ನು ಸಂಶಿಯಿಂದಲೇ ಶುರು ಮಾಡೋಣ. ಈ ನಾಲ್ಕೂ ಒತ್ತಾಯಗಳನ್ನು ಠರಾವಾಗಿ ಅಂಗೀಕರಿಸಬೇಕೆಂದು ಸಭೆಯನ್ನು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.