ನಾಯಕನಿಲ್ಲದ ವಾದ್ಯತಂಡ

ರಾಕ್ ಸಂಗೀತದ ತಂಡವೆಂದರೆ ಸಾಮಾನ್ಯವಾಗಿ ಒಬ್ಬ ಗಾಯಕ ಮುಂದೆ ನಿಂತಿರುತ್ತಾನೆ, ಉಳಿದವರು ಅವನ ಹಿಂದೆ. ಹಾಡಿದವನಿಗೆ ಕೀರ್ತಿ, ಬರೆದವನಿಗೆ ಗೌರವಧನ, ಬಾರಿಸಿದವನಿಗೆ ಸಂಬಳ. 1968ರಲ್ಲಿ ಪಶ್ಚಿಮ ಜರ್ಮನಿಯ ಕೊಲೋನ್ ನಗರದಲ್ಲಿ ಹುಟ್ಟಿದ ‘ಕ್ಯಾನ್’ ಎಂಬ ತಂಡ ಈ ಏರ್ಪಾಟನ್ನೇ ಒಪ್ಪಲಿಲ್ಲ. ಅಲ್ಲಿ ರಚನೆಯ ಶ್ರೇಯ ಎಲ್ಲ ಸದಸ್ಯರಿಗೂ ಸೇರುತ್ತಿತ್ತು. ಬಂದ ಹಣವೂ ಸಮಪಾಲು. ಇದನ್ನು ಬರಿಯ ಔದಾರ್ಯವೆಂದು ತಿಳಿದರೆ ತಪ್ಪಾದೀತು. ಅದರ ಹಿಂದೆ ಒಂದು ದೇಶದ ಗಾಯವಿತ್ತು.

ಜರ್ಮನ್ ಭಾಷೆಯಲ್ಲಿ ನಾಯಕನಿಗೆ ‘ಫ್ಯೂರರ್’ ಎನ್ನುತ್ತಾರೆ. ಹಿಟ್ಲರ್ ತನಗಿಟ್ಟುಕೊಂಡ ಬಿರುದು ಅದೇ. ಆತನ ಆಳ್ವಿಕೆಯಲ್ಲಿ ಹುಟ್ಟಿ, ಬಾಂಬಿಗೆ ಕುಸಿದ ಊರುಗಳ ನಡುವೆ ಬೆಳೆದ ಮಕ್ಕಳಿಗೆ ಆ ಪದವೇ ಬೇಡವಾಗಿತ್ತು. ಅಪ್ಪಂದಿರ ಕಾಲದ ಸಂಗೀತಕ್ಕೆ ನಾಜಿ ಕಳಂಕ ಅಂಟಿತ್ತು. ಅಮೆರಿಕ, ಇಂಗ್ಲೆಂಡುಗಳಿಂದ ಬರುತ್ತಿದ್ದ ಹಾಡುಗಳು ಇಷ್ಟವಾದರೂ ಅವು ಎರವಲು. ಹಾಗಾದರೆ ತಮ್ಮದು ಎನ್ನಬಹುದಾದ ಸಂಗೀತ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಕ್ಯಾನ್ ತಂಡದ ನಾಲ್ವರು ಮುಖ್ಯರು.

ಇರ್ಮಿನ್ ಶ್ಮಿಟ್ ಹುಟ್ಟಿದ್ದು 1937ರಲ್ಲಿ, ಬರ್ಲಿನ್‌ನಲ್ಲಿ. ಶಾಲೆಯಲ್ಲಿದ್ದಾಗ ಶಿಕ್ಷಕರ ನಾಜಿ ಹಿನ್ನೆಲೆಯನ್ನು ಶಾಲಾ ಪತ್ರಿಕೆಯಲ್ಲಿ ಬಯಲಿಗೆಳೆದು, ಅಲ್ಲಿಂದ ಹೊರಹಾಕಿಸಿಕೊಂಡವರು. ಮುಂದೆ ಶಾಸ್ತ್ರೀಯ ಪಿಯಾನೋ ಕಲಿತು ಆರ್ಕೆಸ್ಟ್ರಾ ನಿರ್ದೇಶಕರಾದರು. ಹೋಲ್ಗರ್ ಚುಕೈ 1938ರಲ್ಲಿ ಡಾನ್ಜಿಗ್‌ನಲ್ಲಿ ಹುಟ್ಟಿದರು. ಆ ಊರು ಇಂದು ಪೋಲೆಂಡಿನ ಗ್ಡಾನ್ಸ್ಕ್. ಇಬ್ಬರೂ ಎಲೆಕ್ಟ್ರಾನಿಕ್ ಸಂಗೀತದ ಆದ್ಯರಲ್ಲಿ ಒಬ್ಬರಾದ ಕಾರ್ಲ್‌ಹೈನ್ಜ್ ಸ್ಟಾಕ್‌ಹೌಸೆನ್ ಅವರ ಶಿಷ್ಯರು. ಡ್ರಮ್ಸ್ ನುಡಿಸುವ ಯಾಕಿ ಲೀಬೆಜೈಟ್ ಜಾಜ್ ಪರಂಪರೆಯಿಂದ ಬಂದವರು. ನಾಲ್ಕನೆಯವನು ಗಿಟಾರ್ ನುಡಿಸುವ ಮಿಖಾಯೆಲ್ ಕರೋಲಿ. ಉಳಿದವರಿಗಿಂತ ಹತ್ತು ವರ್ಷ ಚಿಕ್ಕವನು, ಚುಕೈ ಅವರ ಬಳಿ ಪಾಠ ಹೇಳಿಸಿಕೊಂಡವನು. ಆದರೆ ಬೀಟಲ್ಸ್ ಸಂಗೀತವನ್ನು ಗುರುವಿಗೆ ಕೇಳಿಸಿ ರಾಕ್ ಕಡೆಗೆ ತಿರುಗಿಸಿದವನು ಈ ಶಿಷ್ಯನೇ.

ಹೆಸರಿನದೂ ಒಂದು ಸ್ವಾರಸ್ಯ. ಇಂಗ್ಲಿಷಿನಲ್ಲಿ ಕ್ಯಾನ್ ಎಂದರೆ ಡಬ್ಬಿ. ಅದೇ ಅಕ್ಷರಗಳನ್ನು ತುರ್ಕಿಯವರು ‘ಜಾನ್’ ಎಂದು ಓದುತ್ತಾರೆ, ಅರ್ಥ ಜೀವ. 1972ರಲ್ಲಿ ಬಂದ ‘ಎಗೆ ಬಾಮ್ಯಾಸಿ’ ಎಂಬ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಇರುವುದು ಬೆಂಡೆಕಾಯಿ ತುಂಬಿದ ತುರ್ಕಿಯ ಡಬ್ಬಿಯ ಚಿತ್ರ.

ಕೊಲೋನ್ ಬಳಿಯ ನೋರ್ವೆನಿಖ್ ಕೋಟೆಮನೆಯಲ್ಲಿ ಕಲಾಪ್ರೇಮಿಯೊಬ್ಬರು ತಂಡಕ್ಕೆ ಬಾಡಿಗೆಯಿಲ್ಲದೆ ಜಾಗ ಕೊಟ್ಟರು. ಅಮೆರಿಕದ ಕಪ್ಪು ಕಲಾವಿದ ಮಾಲ್ಕಂ ಮೂನಿ ಗಾಯಕರಾಗಿ ಸೇರಿಕೊಂಡರು. ಮೊದಲು ಸಿದ್ಧಪಡಿಸಿದ ಧ್ವನಿಮುದ್ರಣವನ್ನು ಯಾವ ಕಂಪನಿಯೂ ಕೊಳ್ಳಲಿಲ್ಲ. 1969ರಲ್ಲಿ ‘ಮಾನ್‌ಸ್ಟರ್ ಮೂವಿ’ ಹೊರಬಂದಾಗಲೂ ಮೊದಲು ಅಚ್ಚಾದದ್ದು 500 ಪ್ರತಿಗಳು ಮಾತ್ರ. ಅದರ ಒಂದು ಮಗ್ಗುಲನ್ನು ತುಂಬಿದ್ದು 20 ನಿಮಿಷದ ಒಂದೇ ರಚನೆ. ಗಂಟೆಗಟ್ಟಲೆ ನುಡಿಸಿದ್ದನ್ನು ಕತ್ತರಿಸಿ ಇಳಿಸಿದ್ದು.

ಮೂನಿ ತಾಯ್ನಾಡಿಗೆ ಮರಳಿದ ಮೇಲೆ ಹೊಸ ಗಾಯಕ ಸಿಕ್ಕ ಬಗೆ ವಿಚಿತ್ರವಾದದ್ದು. 1970ರಲ್ಲಿ ಮ್ಯೂನಿಕ್ ನಗರದ ಹೋಟೆಲೊಂದರ ಹೊರಗೆ ಕುಳಿತಿದ್ದ ಚುಕೈ ಮತ್ತು ಲೀಬೆಜೈಟ್ ಅವರಿಗೆ, ಬೀದಿಯಲ್ಲಿ ಕೂಗಿ ಹಾಡುತ್ತಿದ್ದ ಜಪಾನಿ ತರುಣನೊಬ್ಬ ಕಂಡ. ಹೆಸರು ಡಾಮೊ ಸುಜುಕಿ. ‘ಇಂದು ಸಂಜೆ ನಮ್ಮೊಡನೆ ಹಾಡುತ್ತೀಯಾ?’ ಎಂದು ಕೇಳಿದರು. ಅಭ್ಯಾಸವಿಲ್ಲ, ಪೂರ್ವಸಿದ್ಧತೆಯಿಲ್ಲ, ಅಂದೇ ರಾತ್ರಿ ಆತ ವೇದಿಕೆ ಹತ್ತಿದ. ಸಭಿಕರಲ್ಲಿ ಬಹುಪಾಲು ಮಂದಿ ಎದ್ದುಹೋದರೆಂದು ಚುಕೈ ಮುಂದೆ ಹೇಳಿಕೊಂಡಿದ್ದಾರೆ. ಆದರೆ ಸುಜುಕಿ ಇದ್ದ ಮೂರು ವರ್ಷಗಳಲ್ಲಿ ಬಂದ ‘ಟಾಗೊ ಮಾಗೊ’ (1971), ‘ಎಗೆ ಬಾಮ್ಯಾಸಿ’, ‘ಫ್ಯೂಚರ್ ಡೇಸ್’ (1973) ಇವೇ ತಂಡದ ಶ್ರೇಷ್ಠ ಕೃತಿಗಳೆಂದು ಹಲವರ ಎಣಿಕೆ.

1971ರ ಕೊನೆಯಲ್ಲಿ ಜರ್ಮನ್ ದೂರದರ್ಶನದ ಪತ್ತೇದಾರಿ ಧಾರಾವಾಹಿಯೊಂದಕ್ಕೆ ತಂಡ ಮಾಡಿಕೊಟ್ಟ ‘ಸ್ಪೂನ್’ ಎಂಬ ಹಾಡು ಜನಪ್ರಿಯತೆಯ ಮೊದಲ ಹತ್ತರ ಪಟ್ಟಿಗೆ ಏರಿತು. ತಾಳ ಹಾಕುವ ಯಂತ್ರದೊಡನೆ ಮನುಷ್ಯನ ಡ್ರಮ್ಸ್ ಸೇರಿಸಿದ ಹಾಡದು. ಆ ಹೊತ್ತಿಗೆ ತಂಡ ಕೊಲೋನ್‌ನಿಂದ ಸುಮಾರು 20 ಕಿಲೊಮೀಟರ್ ದೂರದ ವೈಲರ್ಸ್‌ವಿಸ್ಟ್‌ನಲ್ಲಿ ಹಳೆಯ ಸಿನಿಮಾ ಮಂದಿರವೊಂದನ್ನು ಹಿಡಿದು ಸ್ವಂತ ಸ್ಟುಡಿಯೊ ಮಾಡಿಕೊಂಡಿತು. ಶಬ್ದ ಪ್ರತಿಧ್ವನಿಸದಂತೆ ಗೋಡೆಗಳಿಗೆ ಸೈನ್ಯದ ಹಳೆಯ ಹಾಸಿಗೆಗಳನ್ನು ನೇತುಹಾಕಲಾಯಿತು. ಗಂಟೆಗೆ ಇಷ್ಟೆಂದು ಬಾಡಿಗೆ ಕೇಳುವವರಿಲ್ಲ. ಆದ್ದರಿಂದ ರಾತ್ರಿಯೆಲ್ಲ ನುಡಿಸಬಹುದಿತ್ತು.

ನುಡಿಸುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬರೆದ ಸ್ವರಲಿಪಿ ಇಲ್ಲ. ಲೀಬೆಜೈಟ್ ಒಂದು ಲಯ ಹಿಡಿದು ಅದನ್ನೇ ಮತ್ತೆ ಮತ್ತೆ, ಕೂದಲೆಳೆಯಷ್ಟೂ ಅಲುಗದಂತೆ ಬಾರಿಸುತ್ತಿದ್ದರು. ಉಳಿದವರು ಅದರ ಮೇಲೆ ಒಂದೊಂದೇ ಸ್ವರವಿಟ್ಟು, ಇನ್ನೊಬ್ಬರಿಗೆ ಜಾಗ ಬಿಟ್ಟು ಸೇರಿಕೊಳ್ಳುತ್ತಿದ್ದರು. ಎಲ್ಲವೂ ಎರಡೇ ಟ್ರ್ಯಾಕಿನ ಟೇಪಿಗೆ ಇಳಿಯುತ್ತಿತ್ತು. ಆಮೇಲೆ ಚುಕೈ ಬ್ಲೇಡಿನಿಂದ ಟೇಪು ಕತ್ತರಿಸಿ ಅಂಟಿಸಿ ಹಾಡಿಗೆ ರೂಪ ಕೊಡುತ್ತಿದ್ದರು. ಇದು ಸ್ಟಾಕ್‌ಹೌಸೆನ್ ಅವರ ಎಲೆಕ್ಟ್ರಾನಿಕ್ ಪಾಠಶಾಲೆಯ ವಿದ್ಯೆ. ಎರಡು ಟ್ರ್ಯಾಕಿನಲ್ಲಿ ಒಬ್ಬನ ತಪ್ಪನ್ನು ಮಾತ್ರ ಬೇರ್ಪಡಿಸಿ ತಿದ್ದಲು ಬರುವುದಿಲ್ಲ. ಹಾಗಾಗಿ ನುಡಿಸುವಾಗ ಪ್ರತಿಯೊಬ್ಬರೂ ಉಳಿದವರಿಗೆ ಕಿವಿಗೊಡಲೇಬೇಕಿತ್ತು. ನಾಯಕನಿಲ್ಲದೆ ತಂಡ ನಡೆಯುತ್ತಿದ್ದ ಗುಟ್ಟು ಈ ಕಿವಿಗೊಡುವಿಕೆಯಲ್ಲಿತ್ತು.

1975ರ ಹೊತ್ತಿಗೆ ಹಲವು ಟ್ರ್ಯಾಕಿನ ಯಂತ್ರ ಬಂತು. ಈಗ ಒಬ್ಬೊಬ್ಬರೇ ಬಂದು ತಮ್ಮ ಪಾಲನ್ನು ನುಡಿಸಿ ಹೋಗಬಹುದಾಯಿತು. ಧ್ವನಿ ಶುಚಿಯಾಯಿತು, ಒಟ್ಟಿಗೆ ಕೂಡುವ ಅಗತ್ಯ ಕಡಿಮೆಯಾಯಿತು. ಅಲ್ಲಿಂದಲೇ ಒಗ್ಗಟ್ಟು ಸಡಿಲವಾಯಿತೆಂದು ಚುಕೈ ಅವರಿಗೇ ಅನ್ನಿಸಿತ್ತು. ಅವರು ತಮ್ಮ ಬಾಸ್ ಗಿಟಾರನ್ನು ಬೇರೊಬ್ಬರಿಗೆ ಬಿಟ್ಟು, ರೇಡಿಯೊ ಮತ್ತು ಟೇಪುಗಳ ಶಬ್ದಗಳಲ್ಲಿ ತೊಡಗಿದರು, ಬಳಿಕ ತಂಡವನ್ನೇ ತೊರೆದರು. ದಶಕ ಮುಗಿಯುವಾಗ ಕ್ಯಾನ್ ಕೂಡ ನಿಂತಿತು. ಮೂನಿಯೊಡನೆ ಹಳಬರು ಮತ್ತೆ ಕೂಡಿ ಮಾಡಿದ ‘ರೈಟ್ ಟೈಮ್’ 1989ರಲ್ಲಿ ಬಂತು.

ತಂಡ ನಿಂತರೂ ಸಂಗೀತ ಪರರ ಪಾಲಾಗಲಿಲ್ಲ. ವ್ಯವಹಾರ ನೋಡಿಕೊಳ್ಳುತ್ತಿದ್ದ ಶ್ಮಿಟ್ ಅವರ ಪತ್ನಿ ಹಿಲ್ಡೆಗಾರ್ಡ್, 1979ರಲ್ಲಿ ‘ಸ್ಪೂನ್ ರೆಕಾರ್ಡ್ಸ್’ ಸ್ಥಾಪಿಸಿ ಹಳೆಯ ಧ್ವನಿಮುದ್ರಿಕೆಗಳನ್ನೆಲ್ಲ ತಂಡದ ಕೈಯಲ್ಲೇ ಉಳಿಸಿದರು. ವೈಲರ್ಸ್‌ವಿಸ್ಟ್‌ನ ಸ್ಟುಡಿಯೊವನ್ನು ಹಾಸಿಗೆಗಳ ಸಮೇತ ಬಿಚ್ಚಿ, ಗ್ರೊನಾವ್ ಪಟ್ಟಣದ ಸಂಗೀತ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು. ಆಗ ಸಿಕ್ಕ, ಮರೆತೇಹೋಗಿದ್ದ ಟೇಪುಗಳಿಂದ 2012ರಲ್ಲಿ ‘ದಿ ಲಾಸ್ಟ್ ಟೇಪ್ಸ್’ ಹೊರಬಂತು.

ಕರೋಲಿ 2001ರಲ್ಲಿ ತೀರಿಕೊಂಡರು. 2017ರ ಜನವರಿಯಲ್ಲಿ ಲೀಬೆಜೈಟ್, ಸೆಪ್ಟೆಂಬರಿನಲ್ಲಿ ಚುಕೈ ಹೋದರು. 2024ರಲ್ಲಿ ಸುಜುಕಿಯೂ ಇಲ್ಲವಾದರು. ಸುಜುಕಿ ತಮ್ಮ ಕೊನೆಯ ದಶಕಗಳಲ್ಲಿ ಊರೂರು ಸುತ್ತಿ, ಆಯಾ ಊರಿನ ಅಪರಿಚಿತ ವಾದಕರೊಡನೆ ಯಾವ ಅಭ್ಯಾಸವೂ ಇಲ್ಲದೆ ಹಾಡುತ್ತಿದ್ದರು. ಮ್ಯೂನಿಕ್ಕಿನ ಬೀದಿಯಲ್ಲಿ ತಮಗೆ ಸಿಕ್ಕಿದ ಆಹ್ವಾನವನ್ನೇ ಅವರು ಬದುಕಿನುದ್ದಕ್ಕೂ ಇತರರಿಗೆ ಹಂಚುತ್ತಾ ಹೋದರು.