ಊರಿನ ದನಿ: ಅದರ ಗುಣ, ಭದ್ರತೆ, ಖರ್ಚು

(ವೇರೂಳಿನಲ್ಲಿ ವನಭೋಜನದ ದಿನ ನಮ್ಮ ಉಚಿತ ವಾಚನಾಲಯದ ಸದಸ್ಯರ ಮುಂದೆ ಮಾಡಿದ ಭಾಷಣ)



ಭಾಷಣ ಮಾಡುವುದು ನನ್ನ ಕಸುಬಲ್ಲ. ಗಿರಣಿಯಲ್ಲಿ ಲೆಕ್ಕ ಬರೆಯುವವನು, ಸಂಜೆ ವಾಚನಾಲಯದ ಬಾಗಿಲು ತೆಗೆಯುವವನು, ಅಷ್ಟೆ. "ನಾವೆಲ್ಲ ದಿನವೂ ಹಿಡಿದುಕೊಂಡು ಓಡಾಡುವ ಮೊಬೈಲಿನ ವಿಷಯವಾಗಿ ನಾಲ್ಕು ಮಾತು ಹೇಳಿರಿ" ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ತಿಳಿದಷ್ಟನ್ನು ತಮ್ಮ ಮುಂದಿಡುತ್ತೇನೆ. ತಪ್ಪಿದ್ದರೆ ತಿದ್ದಬೇಕು.

ಬೆಳಿಗ್ಗೆ ನಾವೆಲ್ಲ ಹದಿನಾರನೆಯ ಗುಹೆಯಾದ ಕೈಲಾಸವನ್ನು ನೋಡಿ ಬಂದೆವು. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲಕ್ಕೆ ಸಂದ ಕೆಲಸವದು. ಅದೇ ವಂಶದ ಮೂರನೆಯ ಗೋವಿಂದನ ತಾಮ್ರಶಾಸನವೊಂದು ಇಲ್ಲಿಗೆ ಸಮೀಪದ ನಾಸಿಕ ಜಿಲ್ಲೆಯ ವಣಿ-ದಿಂಡೋರಿಯಲ್ಲಿ ದೊರೆತಿದೆ. ಆ ಕಾಲದ ತಾಮ್ರಶಾಸನಗಳ ರೀತಿ ತಮಗೆ ತಿಳಿದಿರಬಹುದು. ಅರಸನ ಮಾತನ್ನು ತಾಮ್ರದ ಹಲಗೆಗಳ ಮೇಲೆ ಕೊರೆಯಿಸಿ, ಹಲಗೆಗಳ ತೂತಿನಲ್ಲಿ ಒಂದು ಬಳೆಯನ್ನು ತೂರಿಸಿ, ಬಳೆಯ ಎರಡು ತುದಿ ಕೂಡುವಲ್ಲಿ ರಾಜಮುದ್ರೆಯನ್ನು ಬೆಸೆಯುತ್ತಿದ್ದರು. ಮುದ್ರೆ ಕೀಳದೆ ನಡುವಿನ ಹಲಗೆಯನ್ನು ತೆಗೆಯುವಂತಿಲ್ಲ, ಹೊಸದನ್ನು ಸೇರಿಸುವಂತಿಲ್ಲ. ಅಕ್ಷರ ಸ್ಪಷ್ಟವಾಗಿರಬೇಕು, ಮುದ್ರೆ ಭದ್ರವಾಗಿರಬೇಕು. ಖರ್ಚಿನ ಮಾತು ಮಾತ್ರ ಬೇರೆ. ತಾಮ್ರದಲ್ಲಿ ಮಾತು ಕಳಿಸುವುದು ಅರಸರಿಗೇ ಸಾಧ್ಯ, ನಮ್ಮಂಥವರಿಗಲ್ಲ.

ದೂರದವರಿಗೆ ಮಾತು ಮುಟ್ಟಿಸುವ ಯಾವ ಏರ್ಪಾಡೇ ಆಗಲಿ, ಈ ಮೂರು ಪ್ರಶ್ನೆ ಕೇಳಬೇಕು. ಮಾತು ಚೆನ್ನಾಗಿ ಕೇಳುತ್ತದೆಯೇ? ನಡುವೆ ಯಾರೂ ಕೈಯಾಡಿಸಲಾರರೇ? ನಮ್ಮ ಪಗಾರಕ್ಕೆ ನಿಲುಕುತ್ತದೆಯೇ?

ಖರ್ಚಿನಿಂದಲೇ ಆರಂಭಿಸೋಣ, ತಿಂಗಳ ಕೊನೆಗೆ ನಮ್ಮನ್ನು ಮೊದಲು ಕಾಡುವುದು ಅದೇ.

ನಮ್ಮ ತಂದೆಯವರ ಕಾಲದಲ್ಲಿ ಅಂದಿನ ಔರಂಗಾಬಾದಿನಿಂದ ಗುಲ್ಬರ್ಗಕ್ಕೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬರೆಸಿ ಕಾಯಬೇಕಿತ್ತು. ಆಪರೇಟರರ ನೆರವಿಲ್ಲದೆ ಊರಿಂದೂರಿಗೆ ನೇರವಾಗಿ ಕರೆ ಮಾಡುವ ಎಸ್.ಟಿ.ಡಿ. ಸೌಕರ್ಯ ನಮ್ಮ ದೇಶದಲ್ಲಿ ಮೊದಲಾದದ್ದು ೧೯೬೦ರಲ್ಲಿ, ಕಾನ್ಪುರ ಮತ್ತು ಲಕ್ನೋ ನಡುವೆ. ಹಳ್ಳಿಗೆ ಅದು ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಪರದೇಶದ ಯಂತ್ರಗಳು ತಂಪು ಕೋಣೆಯನ್ನು ಬೇಡುತ್ತಿದ್ದವು. ನಮ್ಮ ಹಳ್ಳಿಯಲ್ಲಿ ಬಿಸಿಲು, ಧೂಳು, ಹೇಳದೆ ಕೇಳದೆ ಹೋಗುವ ವಿದ್ಯುತ್ತು. ೧೯೮೪ರಲ್ಲಿ ಸರ್ಕಾರ ಸಿ-ಡಾಟ್ ಎಂಬ ಸಂಶೋಧನಾ ಸಂಸ್ಥೆಯನ್ನು ಕಟ್ಟಿತು. ಅವರು ತಂಪು ಯಂತ್ರದ ಹಂಗಿಲ್ಲದೆ ನಡೆಯುವ ಚಿಕ್ಕದೊಂದು ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿದರು. ಅದನ್ನು ಮೊದಲು ನಿಲ್ಲಿಸಿದ್ದು ಎಲ್ಲಿ ಗೊತ್ತೇ? ನಮ್ಮ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ, ೧೯೮೬ರಲ್ಲಿ. ಗುಣವೂ ಬೇಕು, ಅಗ್ಗವೂ ಆಗಬೇಕು ಎಂದರೆ ನಮ್ಮ ಬಿಸಿಲು ಧೂಳುಗಳನ್ನು ಬಲ್ಲವರೇ ಯಂತ್ರ ಮಾಡಬೇಕು ಎಂಬುದಕ್ಕೆ ಕಿತ್ತೂರು ಸಾಕ್ಷಿ.

ಆಮೇಲೆ ಹಳದಿ ಬೋರ್ಡಿನ ಬೂತುಗಳು ಬಂದವು. ರಾತ್ರಿ ಹೊತ್ತು ದರ ಇಳಿಯುತ್ತಿತ್ತು. ಕೂಲಿಕಾರರು ಕಣ್ಣುಜ್ಜುತ್ತ ಸಾಲಿನಲ್ಲಿ ನಿಲ್ಲುತ್ತಿದ್ದರು. ರಾತ್ರಿ ಏಕೆ ಅಗ್ಗ? ಹಗಲು ವ್ಯಾಪಾರಸ್ಥರ ಕರೆಗಳಿಂದ ತುಂಬಿರುತ್ತಿದ್ದ ದಾರಿ ರಾತ್ರಿ ಖಾಲಿ ಬೀಳುತ್ತಿತ್ತು, ಅದಕ್ಕೆ. ಮೊಬೈಲು ೧೯೯೫ರಲ್ಲಿ ಬಂದಾಗ ಬಂದ ಕರೆಗೂ ಹಣ ತೆರಬೇಕಿತ್ತು. ೨೦೦೩ರಲ್ಲಿ ಕರೆ ಮಾಡಿದವನೇ ಹಣ ಕೊಡುವ ಪದ್ಧತಿ ಬಂದ ಮೇಲೆ ಅದು ಬಡವನ ಕೈಗೂ ಬಂತು. "ಮಿಸ್ ಕಾಲ್ ಕೊಡು, ನಾನೇ ಮಾಡುತ್ತೇನೆ" ಎಂಬ ಮಾತು ಆಗ ಹುಟ್ಟಿದ್ದು.

ಹಳೆಯ ಪದ್ಧತಿಯಲ್ಲಿ ಇಬ್ಬರು ಮಾತಾಡುತ್ತಿದ್ದರೆ ಆ ದಾರಿ ಅವರಿಗೇ ಮೀಸಲು, ಸುಮ್ಮನೆ ಉಸಿರು ಬಿಡುತ್ತಿದ್ದರೂ ಮೀಸಲು. ರೈಲಿನಲ್ಲಿ ಒಬ್ಬನೇ ಒಂದು ಡಬ್ಬಿ ಹಿಡಿದು ಕುಳಿತಂತೆ. ಇಂದಿನ ಇಂಟರ್ನೆಟ್ ಪದ್ಧತಿ ಅಂಚೆಯ ಚೀಲದಂತೆ. ನಮ್ಮ ದನಿಯನ್ನು ಚಿಕ್ಕ ಚಿಕ್ಕ ಕಟ್ಟುಗಳಾಗಿ ಒಡೆದು, ಒಂದೊಂದರ ಮೇಲೂ ವಿಳಾಸ ಬರೆದು, ಸಾವಿರಾರು ಜನರ ಕಟ್ಟುಗಳೊಡನೆ ಒಂದೇ ದಾರಿಯಲ್ಲಿ ಸಾಗಿಸುತ್ತದೆ. ದಾರಿ ಖಾಲಿ ಉಳಿಯುವುದಿಲ್ಲ. ಖರ್ಚು ಎಲ್ಲರಿಗೂ ಹಂಚಿಹೋಗುತ್ತದೆ.

ಆದರೆ ಇದರಿಂದಲೇ ಎರಡನೆಯ ಪ್ರಶ್ನೆ ಏಳುತ್ತದೆ, ಗುಣದ ಪ್ರಶ್ನೆ. ಕಾಗದ ಒಂದು ದಿನ ತಡವಾಗಿ ಬಂದರೂ ಓದಬಹುದು. ದನಿಯ ಕಟ್ಟು ತಡವಾಗಿ ಬಂದರೆ ಪ್ರಯೋಜನವಿಲ್ಲ. ಯಂತ್ರ ಅದನ್ನು ಬಿಸಾಡಿ ಮುಂದೆ ಹೋಗುತ್ತದೆ. ತಾಯಿಯ ಮಾತು ನಡುನಡುವೆ ಕಡಿದುಹೋಗುವುದು ಇದಕ್ಕೇ. ದನಿ ಮುಟ್ಟಲು ೧೫೦ ಮಿಲಿಸೆಕೆಂಡಿಗಿಂತ ಬಹಳ ಹೆಚ್ಚು ಹಿಡಿಯಿತೆಂದರೆ ಇಬ್ಬರ ಮಾತೂ ಒಂದರ ಮೇಲೊಂದು ಬೀಳತೊಡಗುತ್ತದೆ. ರಾತ್ರಿ ಪಾಳಿ ಮುಗಿಸಿ, ಊಟ ಮಾಡಿ, ನಮ್ಮ ಖೋಲಿಗಳ ಸಾಲಿನವರೆಲ್ಲ ಒಂದೇ ಹೊತ್ತಿಗೆ ಒಂದೇ ಟವರಿಗೆ ಜೋತುಬಿದ್ದರೆ ಕಟ್ಟುಗಳು ಸಾಲಿನಲ್ಲಿ ನಿಲ್ಲುತ್ತವೆ. ಅಂದು ಗದ್ದಲದ ಹೊತ್ತು ಜೇಬಿಗೆ ತಗಲುತ್ತಿತ್ತು. ಇಂದು ಕಿವಿಗೆ ತಗಲುತ್ತದೆ.

ಇದಕ್ಕೆ ನಾವು ಮಾಡಬಹುದಾದ್ದೂ ಇದೆ. ಹಳೆಯ ಡಿಜಿಟಲ್ ಟೆಲಿಫೋನಿನ ಲೆಕ್ಕದಲ್ಲಿ ದನಿಯನ್ನು ಸೆಕೆಂಡಿಗೆ ೮,೦೦೦ ಸಲ ಅಳೆದು, ಒಂದೊಂದು ಅಳತೆಗೆ ೮ ಬಿಟ್‌ನಂತೆ ೬೪,೦೦೦ ಬಿಟ್ ಕಳಿಸುತ್ತಾರೆ. ಗಂಟೆಗೆ ಸುಮಾರು ೨೯ ಎಂಬಿ ಆಯಿತು. ಇಂದಿನ ಮೊಬೈಲು ಅದಕ್ಕಿಂತ ಬಹಳ ಕಡಿಮೆಯಲ್ಲಿ ನಿಭಾಯಿಸುತ್ತದೆ. ಮುಖ ನೋಡುತ್ತ ಮಾತಾಡಿದರೋ, ಸೆಕೆಂಡಿಗೆ ಹತ್ತು ಲಕ್ಷ ಬಿಟ್ ಎಂದು ಹಿಡಿದರೂ ಗಂಟೆಗೆ ೪೫೦ ಎಂಬಿ. ಆದ್ದರಿಂದ ಮೊದಲು ಐದು ನಿಮಿಷ ಮಗುವಿನ ಮುಖ ನೋಡಿರಿ, ಬಳಿಕ ಚಿತ್ರ ಆರಿಸಿ ಮಾತು ಮುಂದುವರಿಸಿರಿ. ದನಿ ಕಡಿಯುವುದೂ ಕಡಿಮೆಯಾಗುತ್ತದೆ. ತಗಡಿನ ಖೋಲಿಯೊಳಗೆ ಅಲೆಗಳು ಸರಿಯಾಗಿ ನುಗ್ಗವು. ಕಿಟಕಿಯ ಹತ್ತಿರ ಬಂದು ನಿಲ್ಲಿರಿ. ಸಾಧ್ಯವಾದರೆ ಎಲ್ಲರೂ ಮಾತಾಡುವ ಹೊತ್ತನ್ನು ಬಿಟ್ಟು ಅರ್ಧ ಗಂಟೆ ಹಿಂದೆ ಮುಂದೆ ಮಾಡಿರಿ.

ಕರೆ ಮೇಲಿಂದ ಮೇಲೆ ಕಡಿದರೆ ಸುಮ್ಮನಿರಬೇಡಿ. ನಡುವೆ ಕಡಿದುಹೋಗುವ ಕರೆಗಳು ನೂರಕ್ಕೆ ಎರಡನ್ನು ಮೀರಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಅಳತೆಗೋಲು ಇಟ್ಟಿದೆ. ೧೯೮ಕ್ಕೆ ಕರೆ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆಯನ್ನು ಕೇಳಿ ಪಡೆಯಿರಿ. ಅದಕ್ಕೆ ಹಣವಿಲ್ಲ. ಪರಿಹಾರ ಸಿಗದಿದ್ದರೆ ೩೦ ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು. ಸಂಖ್ಯೆಯಿಲ್ಲದ ದೂರು ಮುದ್ರೆಯಿಲ್ಲದ ಶಾಸನದಂತೆ, ಯಾರೂ ಗಣಿಸುವುದಿಲ್ಲ.

ಖರ್ಚಿಗೆ ಸೇರಿದ ಇನ್ನೊಂದು ಮಾತು. ಊರಿನಲ್ಲಿರುವ ಅಪ್ಪ ಅಮ್ಮಂದಿರ ಕೈಯಲ್ಲಿ ಬಹುಮಟ್ಟಿಗೆ ಗುಂಡಿ ಒತ್ತುವ ಸಾದಾ ಮೊಬೈಲು. ಅವರಿಗೂ ಡೇಟಾ ಸೇರಿದ ದುಬಾರಿ ರೀಚಾರ್ಜನ್ನೇ ಹಾಕಿಸುವವರಿದ್ದಾರೆ. ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರ ಬೇರೆ ರೀಚಾರ್ಜು ಇಡಲೇಬೇಕೆಂದು ಟ್ರಾಯ್ ೨೦೨೪ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ೩೬೫ ದಿನಗಳವರೆಗಿನ ಅವಧಿಗೂ ಅವಕಾಶ ಕೊಟ್ಟಿತು. ಅಂಗಡಿಯವನು ತಾನಾಗಿ ಹೇಳಲಿಕ್ಕಿಲ್ಲ. ನಾವೇ ಕೇಳಬೇಕು.

ಇನ್ನು ಮೂರನೆಯದು, ಭದ್ರತೆ. ಇದನ್ನು ಹೇಳಲೆಂದೇ ನಾನು ನಿಂತದ್ದು.

ನಮ್ಮ ವಾಚನಾಲಯಕ್ಕೆ ಬರುವ ಹಿರಿಯರೊಬ್ಬರಿದ್ದಾರೆ. ಹೆಸರು ಬೇಡ. ಸಂಗತಿ ಹೇಳಲು ಅವರ ಒಪ್ಪಿಗೆ ಪಡೆದಿದ್ದೇನೆ. ಒಂದು ಮಧ್ಯಾಹ್ನ ಅವರಿಗೆ ಕರೆ ಬಂತು. "ಅಣ್ಣಾರ, ನಾ ನಿಮ್ಮ ಬ್ಯಾಂಕಿನಿಂದ ಮಾತಾಡಾಕತ್ತೀನ್ರಿ. ನೀವು ನಮ್ಮ ಕಡೆಯವರಂತ ಗೊತ್ತಾತು, ಅದಕ್ಕ ನಾನ ಫೋನ್ ಮಾಡಿದೆ." ಇಡೀ ದಿನ ಮರಾಠಿ, ಹಿಂದಿಗಳ ನಡುವೆ ದುಡಿಯುವವನ ಕಿವಿಗೆ ತನ್ನ ಊರಿನ ಮಾತು ಬಿದ್ದರೆ ಏನಾಗುತ್ತದೆಂಬುದು ಇಲ್ಲಿ ಕುಳಿತವರಿಗೆಲ್ಲ ಗೊತ್ತು. ಖಾತೆಯ ದಾಖಲೆ ಹಳತಾಗಿದೆ, ಸಂಜೆಯೊಳಗೆ ಖಾತೆ ನಿಲ್ಲುತ್ತದೆ, ಕಳಿಸಿದ ಕಡತವನ್ನು ಒತ್ತಿರಿ ಎಂದ. ಇವರು ಒತ್ತಿದರು. ಅದು ಎಪಿಕೆ ಎಂಬ ಜಾತಿಯ ಕಡತ. ಒತ್ತಿದೊಡನೆ ಮೊಬೈಲಿನೊಳಗೆ ಸೇರಿ, ಬ್ಯಾಂಕಿನಿಂದ ಬರುವ ಗುಟ್ಟಿನ ಸಂಖ್ಯೆಗಳನ್ನು, ಅಂದರೆ ಓಟಿಪಿಗಳನ್ನು, ಕಳ್ಳನಿಗೆ ದಾಟಿಸತೊಡಗಿತು. ಮಗಳ ಕಾಲೇಜಿಗೆಂದು ಕೂಡಿಸಿಟ್ಟಿದ್ದ ೩೮,೦೦೦ ರೂಪಾಯಿ ಹೋಯಿತು.

ಅದೇ ಸಂಜೆ ಅವರು ವಾಚನಾಲಯಕ್ಕೆ ಬಂದರು. "ತಮ್ಮಾ, ಮೊಬೈಲು ಯಾಕೋ ನೆಟ್ಟಗಿಲ್ಲ, ನೋಡತೀಯೇನು?" ಎಂದರು. ನಾನು ಪತ್ರಿಕೆ ಜೋಡಿಸುವ ಗಡಿಬಿಡಿಯಲ್ಲಿದ್ದೆ. "ನಾಳೆ ನೋಡೋಣ ಬರ್ರಿ ಕಾಕಾ" ಎಂದೆ. ಅವರು ನಾಚಿಕೆಯಿಂದ ಹೆಚ್ಚು ಹೇಳಲಿಲ್ಲ, ನಾನು ಕೇಳಲಿಲ್ಲ. ನಾಲ್ಕು ದಿನ ಬರಲೇ ಇಲ್ಲ. ಐದನೆಯ ದಿನ ಬಂದು ಹೇಳಿದಾಗ ಇಬ್ಬರೂ ಕೂಡಿ ದೂರು ಕೊಟ್ಟೆವು. ಹಣ ಅಷ್ಟರಲ್ಲಿ ಹತ್ತು ಕೈ ದಾಟಿತ್ತು. ಒಂದು ಕಾಸೂ ಮರಳಲಿಲ್ಲ.

ನಂಬಿದ್ದು ಅವರ ತಪ್ಪೆಂದು ನಾನು ಹೇಳಲಾರೆ. "ನಾಳೆ" ಎಂದದ್ದು ನನ್ನ ತಪ್ಪು.

ಏಕೆಂದರೆ ಇಲ್ಲಿ ಹೊತ್ತೇ ಮುಖ್ಯ. ಹಣ ಹೋದ ಕೂಡಲೆ ೧೯೩೦ಕ್ಕೆ ಕರೆ ಮಾಡಿದರೆ, ಕಳ್ಳನ ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ, ಬ್ಯಾಂಕುಗಳ ಮೂಲಕ ಅದನ್ನು ತಡೆದು ನಿಲ್ಲಿಸುವ ಏರ್ಪಾಡು ೨೦೨೧ರಿಂದ ಇದೆ. ನಮ್ಮ ಬ್ಯಾಂಕಿಗೂ ಒಡನೆಯೇ ತಿಳಿಸಬೇಕು. ಗ್ರಾಹಕನ ಅಜಾಗ್ರತೆಯಿಂದ ಹಣ ಹೋದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದೆಂದು ರಿಸರ್ವ್ ಬ್ಯಾಂಕ್ ೨೦೧೭ರ ಜುಲೈಯಲ್ಲಿ ಸೂಚನೆ ಹೊರಡಿಸಿತು. ನಾಚಿಕೆಯಿಂದ ಬಾಯಿ ಮುಚ್ಚಿ ಕುಳಿತ ಒಂದೊಂದು ಗಂಟೆಯೂ ಕಳ್ಳನಿಗೆ ನಾವೇ ಕೊಟ್ಟ ಗಂಟೆ.

"ನನ್ನ ಮೊಬೈಲಿನ ಮಾತಿಗೆ ಬೀಗವಿದೆಯಂತೆ, ಮತ್ತೆ ಹೇಗೆ ಕದ್ದ?" ಎಂದು ಕೆಲವರು ಕೇಳುತ್ತಾರೆ. ಬೀಗವಿರುವುದು ನಿಜ. ವಾಟ್ಸಾಪಿನಲ್ಲಿ ೨೦೧೬ರಿಂದ ಕಳಿಸುವವನ ಕೈಯಲ್ಲಿ ಬೀಗ ಬಿದ್ದು ಪಡೆಯುವವನ ಕೈಯಲ್ಲಿ ತೆರೆಯುತ್ತದೆ. ನಡುದಾರಿಯಲ್ಲಿ ಕದ್ದವನಿಗೆ ಅದು ಅರ್ಥವಾಗದು. ಆದರೆ ಬೀಗ ಕಾಯುವುದು ದಾರಿಯನ್ನು, ತುದಿಯನ್ನಲ್ಲ. ಕಳ್ಳನೇ ಬೀಗ ಹಾಕಿ ಕಳಿಸಿದರೆ ಅದು ನಮಗೆ ಭದ್ರವಾಗಿಯೇ ಬಂದು ಮುಟ್ಟುತ್ತದೆ. ತಾಮ್ರದ ಬಳೆ ಗಟ್ಟಿಯಾಗಿದ್ದರೆ ಸಾಲದು. ಮುದ್ರೆ ಯಾರದು ಎಂದು ನೋಡಬೇಕು. ಬ್ಯಾಂಕಿನ ಹೆಸರು ಹೇಳಿ ಯಾರೇ ಕರೆಯಲಿ, ಕನ್ನಡದಲ್ಲೇ ಕರೆಯಲಿ, ಕರೆ ಇಟ್ಟು, ಪಾಸ್‌ಬುಕ್ಕಿನಲ್ಲಿ ಅಥವಾ ಕಾರ್ಡಿನ ಹಿಂದೆ ಅಚ್ಚಾದ ಸಂಖ್ಯೆಗೆ ನಾವೇ ತಿರುಗಿ ಕರೆ ಮಾಡಬೇಕು. ಪೊಲೀಸನ ವೇಷದಲ್ಲಿ ವಿಡಿಯೋದಲ್ಲಿ ಕಾಣಿಸಿ "ಡಿಜಿಟಲ್ ಅರೆಸ್ಟ್" ಎನ್ನುವವರುಂಟು. ನಮ್ಮ ಕಾನೂನಿನಲ್ಲಿ ಹಾಗೆಂಬ ಬಂಧನವೇ ಇಲ್ಲ.

ಊರು ಬಿಟ್ಟು ಬಂದ ನಮಗೆ ಇನ್ನೊಂದು ಅಪಾಯವಿದೆ. ಇಲ್ಲಿಗೆ ಬಂದೊಡನೆ ಹೊಸ ಸಿಮ್ ಕೊಂಡು ಊರಿನದನ್ನು ಪೆಟ್ಟಿಗೆಗೆ ಎಸೆಯುತ್ತೇವೆ. ಬ್ಯಾಂಕಿನ ಖಾತೆಗೆ, ಆಧಾರಕ್ಕೆ ಜೋಡಿಸಿರುವುದು ಆ ಹಳೆಯ ಸಂಖ್ಯೆ! ತಿಂಗಳುಗಟ್ಟಲೆ ಬಳಸದ ಸಂಖ್ಯೆಯನ್ನು ಕಂಪನಿ ರದ್ದು ಮಾಡಿ, ಕಾಲಾನಂತರ ಬೇರೊಬ್ಬರಿಗೆ ಕೊಡಬಹುದು. ಆಗ ನಮ್ಮ ಖಾತೆಯ ಗುಟ್ಟಿನ ಸಂಖ್ಯೆ ಅಪರಿಚಿತನ ಕೈಗೆ ಹೋಗುತ್ತದೆ. ೨೦೧೫ರ ಜುಲೈಯಿಂದ ರಾಜ್ಯ ಬದಲಿಸಿದರೂ, ಕಂಪನಿ ಬದಲಿಸಿದರೂ ಅದೇ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಉಳಿಸಿಕೊಳ್ಳಿರಿ, ಇಲ್ಲವೇ ಮೊದಲು ಬ್ಯಾಂಕಿಗೆ ಹೋಗಿ ಹೊಸ ಸಂಖ್ಯೆ ಬರೆಸಿ, ಆಮೇಲೆ ಹಳೆಯದನ್ನು ಬಿಡಿರಿ. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆ ಎಂಬುದನ್ನು ಕೇಂದ್ರ ಸರ್ಕಾರದ ಸಂಚಾರ ಸಾಥಿಯಲ್ಲಿ ನೋಡಬಹುದು. ಕಳೆದುಹೋದ ಮೊಬೈಲನ್ನು ಅಲ್ಲಿಯೇ ನಿರ್ಬಂಧಿಸಬಹುದು. ಅದಕ್ಕೆ ಮೊಬೈಲಿನ ೧೫ ಅಂಕಿಯ ಐಎಂಇಐ ಸಂಖ್ಯೆ ಬೇಕು. ಅದು ಮೊಬೈಲಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ. ಇಂದೇ ಒಂದು ಚೀಟಿಯಲ್ಲಿ ಬರೆದು ಟ್ರಂಕಿನಲ್ಲಿಡಿರಿ.

ಕೊನೆಯದಾಗಿ ಸಂಘದ ಮುಂದೆ ನನ್ನದೊಂದು ಬಿನ್ನಹ. ಪ್ರತಿ ದಿನ ಸಂಜೆ ೭ರಿಂದ ೮ರವರೆಗೆ ವಾಚನಾಲಯದ ಒಂದು ಮೇಜನ್ನು ಈ ಕೆಲಸಕ್ಕೆ ಬಿಟ್ಟುಕೊಡಬೇಕು. ಮೇಜಿನ ಮೇಲೆ ೧೯೩೦, ೧೯೮ ಎಂದು ದೊಡ್ಡಕ್ಷರದಲ್ಲಿ ಬರೆದ ಹಲಗೆ ಇರಲಿ. ಯಾರು ಬಂದು "ಮೊಬೈಲು ಯಾಕೋ ನೆಟ್ಟಗಿಲ್ಲ" ಎಂದರೂ ಕೈಯ ಕೆಲಸ ಬಿಟ್ಟು ಅಲ್ಲೇ ಕೂರಿಸಿ ಕೇಳಬೇಕು. ನಗಬಾರದು, ಬೈಯಬಾರದು, ಇನ್ನೊಬ್ಬರಿಗೆ ಹೇಳಬಾರದು. ಅವರ ಗುಟ್ಟಿನ ಸಂಖ್ಯೆಯನ್ನು ನಾವೂ ಕೇಳಬಾರದು, ಮುಟ್ಟಬಾರದು. ಸಭೆ ಒಪ್ಪಿದರೆ ಮೊದಲ ತಿಂಗಳ ಪಾಳಿ ನನ್ನದು. ಎರಡನೆಯ ತಿಂಗಳು ಆ ಕಾಕಾ ಅವರೇ ಕೂರುತ್ತೇನೆಂದು ಮಾತು ಕೊಟ್ಟಿದ್ದಾರೆ. ಕಳ್ಳನ ಮಾತಿನ ವರಸೆ ಅವರಿಗಿಂತ ಚೆನ್ನಾಗಿ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ನಮ್ಮ ಭಾಷೆಯನ್ನು ಕೇಳಿ ಒಬ್ಬ ಹಿರಿಯರು ಮೋಸ ಹೋದರು. ಅದೇ ಭಾಷೆಯನ್ನು ಕೇಳಿ ಇನ್ನೊಬ್ಬರು ಧೈರ್ಯ ತಂದುಕೊಳ್ಳುವಂತೆ ಮಾಡುವುದು ನಮ್ಮ ಕೈಯಲ್ಲಿದೆ.